ಯಾರೂ ಬಳಸದ ಕಾಲಂ ಯಾವುದು ಅಂತ ಕಂಡುಹಿಡಿಯುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮತ್ತು ಬಿಡಿಭಾಗ ಮಾರುವ ಸಂಸ್ಥೆಯೊಂದರಲ್ಲಿ ಎಂಟು ತಿಂಗಳಿಂದ ಡೇಟಾ ಅನಲಿಸ್ಟ್ ಆಗಿದ್ದೇನೆ. ನನಗಿಂತ ಮುಂಚೆ ಇದ್ದವರು ಕೆಲಸ ಬಿಟ್ಟು ಹೋದರು. ಡೇಟಾವನ್ನು ಚಾರ್ಟು, ರಿಪೋರ್ಟುಗಳಾಗಿ ತೋರಿಸುವ ಮೈಕ್ರೋಸಾಫ್ಟ್‌ನ ಪವರ್ ಬಿಐನಲ್ಲಿ ಅವರು ಕಟ್ಟಿದ ಮಾಡೆಲ್, ಅಂದರೆ ರಿಪೋರ್ಟುಗಳ ಹಿಂದಿರುವ ಟೇಬಲ್‌ಗಳ ಜೋಡಣೆ, ಈಗ ನನ್ನ ಪಾಲಿಗೆ ಬಂದಿದೆ. 14 ಟೇಬಲ್, 412 ಕಾಲಂ, 190 ಮೆಷರ್ (ಲೆಕ್ಕದ ಸೂತ್ರ), ಅದರ ಮೇಲೆ 23 ರಿಪೋರ್ಟ್. ನಮ್ಮದು ಪ್ರೊ ಲೈಸೆನ್ಸ್. ಫೈಲು 870 ಎಂಬಿ ದಾಟಿದೆ, ರಿಫ್ರೆಶ್ ಆಗಲು ಐವತ್ತು ನಿಮಿಷ ಬೇಕು. "ಬಳಸದ ಕಾಲಂ ಎಲ್ಲ ತಿಂಗಳ ಕೊನೆಯೊಳಗೆ ಕಿತ್ತುಹಾಕಿ" ಎಂದು ಮ್ಯಾನೇಜರ್ ಹೇಳಿದ್ದಾರೆ. ಕಾಲಂ ಹೈಡ್ ಮಾಡಿದರೆ ಸಾಕು, ಗಾತ್ರ ಇಳಿಯುತ್ತದೆ ಎನ್ನುತ್ತಾನೆ ಒಬ್ಬ ಸ್ನೇಹಿತ. ಅಳಿಸಿ ನೋಡು, ಯಾರಾದರೂ ಕೂಗಿದರೆ ವಾಪಸ್ ಹಾಕು ಎನ್ನುತ್ತಾನೆ ಇನ್ನೊಬ್ಬ. ಯಾವುದು ನಿಜವಾಗಿ ಬಳಕೆಯಲ್ಲಿಲ್ಲ ಅಂತ ಖಚಿತವಾಗಿ ಹೇಳುವ ದಾರಿ ಇದೆಯೇ? ಏನಾದರೂ ಮುರಿದರೆ ಮಾತು ಕೇಳಬೇಕಾದವಳು ನಾನೇ.

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಅದನ್ನು ಪಕ್ಕಕ್ಕೆ ತಳ್ಳಬೇಡಿ, ಈ ಕೆಲಸದಲ್ಲಿ ಅದು ನಿಮ್ಮನ್ನು ಕಾಯುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕೆಲಸಗಳು ಹೆಣೆದುಕೊಂಡಿವೆ. ಒಂದು, ಮಾಡೆಲ್ಲಿನ ತೂಕ ಇಳಿಸುವುದು. ಇನ್ನೊಂದು, ಮಾಡೆಲ್ಲನ್ನು ಗುಡಿಸಿ ಚೊಕ್ಕ ಮಾಡುವುದು. ಮ್ಯಾನೇಜರಿಗೆ ತುರ್ತಾಗಿ ಬೇಕಿರುವುದು ಮೊದಲನೆಯದು, ಏಕೆಂದರೆ ಪ್ರೊ ಲೈಸೆನ್ಸಿನಲ್ಲಿ ಒಂದು ಮಾಡೆಲ್ 1 ಜಿಬಿ ದಾಟುವಂತಿಲ್ಲ. ಅವರು ನಿಮಗೆ ವಹಿಸಿರುವುದು ಎರಡನೆಯದು. 412 ಕಾಲಂಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಗೀಟು ಹಾಕುತ್ತ ಹೋದರೆ ತಿಂಗಳು ಕಳೆಯುತ್ತದೆ, ಗಾತ್ರ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ತೂಕ ಎಲ್ಲಿದೆ ಎಂದು ಮೊದಲು ನೋಡೋಣ, ಬಳಕೆಯ ಮಾತು ಆಮೇಲೆ.

ಅದಕ್ಕೂ ಮುಂಚೆ ನಿಮ್ಮ ಸ್ನೇಹಿತರ ಮಾತು. ಪವರ್ ಬಿಐನಲ್ಲಿ ಕಾಲಂ ಹೈಡ್ ಮಾಡಿದರೆ ಒಂದು ಬೈಟ್ ಕೂಡ ಉಳಿಯುವುದಿಲ್ಲ. ಅದು ರಿಪೋರ್ಟ್ ಮಾಡುವವರ ಕಣ್ಣಿಗೆ ಕಾಣದಂತೆ ಆಗುತ್ತದೆ, ಅಷ್ಟೆ. ಡೇಟಾ ಇದ್ದಲ್ಲೇ ಇದ್ದು ಪ್ರತಿ ರಿಫ್ರೆಶ್‌ನಲ್ಲೂ ತುಂಬಿಕೊಳ್ಳುತ್ತದೆ. ಆದರೂ ಈ ನಂಬಿಕೆ ಎಲ್ಲಿಂದಲೋ ಬಂದದ್ದಲ್ಲ. ಟ್ಯಾಬ್ಲೋ ಎಂಬ ಇನ್ನೊಂದು ರಿಪೋರ್ಟ್ ಸಾಫ್ಟ್‌ವೇರ್‌ನಲ್ಲಿ "ಹೈಡ್ ಆಲ್ ಅನ್‌ಯೂಸ್ಡ್ ಫೀಲ್ಡ್ಸ್" ಎಂಬ ಆಯ್ಕೆ ಇದೆ. ಅಲ್ಲಿ ಹೈಡ್ ಮಾಡಿದ ಫೀಲ್ಡು ಎಕ್ಸ್‌ಟ್ರಾಕ್ಟ್ (ಅದು ಉಳಿಸಿಡುವ ಡೇಟಾದ ನಕಲು) ಒಳಗೆ ಹೋಗುವುದೇ ಇಲ್ಲ, ಆದ್ದರಿಂದ ಗಾತ್ರ ನಿಜವಾಗಿಯೂ ಇಳಿಯುತ್ತದೆ. ಅಲ್ಲಿ ಕೆಲಸ ಮಾಡಿ ಬಂದವರು ಅದೇ ಮಾತನ್ನು ಇಲ್ಲಿಗೂ ತರುತ್ತಾರೆ. ನಿಮ್ಮ ಸ್ನೇಹಿತ ಹೇಳಿದ್ದು ಬೇರೆ ಊರಿನ ಸತ್ಯ.

ಇನ್ನೊಂದು ನಂಬಿಕೆ: ಕಾಲಂ ಕಡಿಮೆಯಾದರೆ ರಿಪೋರ್ಟಿನ ಚಾರ್ಟುಗಳು ಚುರುಕಾಗುತ್ತವೆ ಎಂಬುದು. ಪವರ್ ಬಿಐ ಒಳಗಿರುವ ವರ್ಟಿಪ್ಯಾಕ್ ಎಂಜಿನ್ ಡೇಟಾವನ್ನು ಸಾಲು ಸಾಲಾಗಿ ಇಡುವುದಿಲ್ಲ, ಒಂದೊಂದು ಕಾಲಂ ಅನ್ನೂ ಪ್ರತ್ಯೇಕವಾಗಿ ಇಡುತ್ತದೆ. ಒಂದು ಚಾರ್ಟಿಗೆ ಮೂರು ಕಾಲಂ ಬೇಕಿದ್ದರೆ ಆ ಮೂರನ್ನೇ ಓದುತ್ತದೆ, ಉಳಿದ 409ರ ಕಡೆ ತಿರುಗಿಯೂ ನೋಡುವುದಿಲ್ಲ. ಬಳಸದ ಕಾಲಂನ ಬೆಲೆ ತೆರುವುದು ಮೆಮೊರಿ, ರಿಫ್ರೆಶ್ ಹೊತ್ತು, ಮತ್ತು "ನೆಟ್ ಅಮೌಂಟ್", "ನೆಟ್ ಅಮೌಂಟ್ 2", "ನೆಟ್ ಅಮೌಂಟ್ ನ್ಯೂ" ಇವುಗಳಲ್ಲಿ ಸರಿಯಾದದ್ದು ಯಾವುದೆಂದು ತಲೆ ಕೆರೆದುಕೊಳ್ಳುವ ಹೊಸಬರ ಸಮಯ. ಪುಟವೊಂದು ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿದ್ದರೆ ಕಾರಣವನ್ನು ಮೆಷರ್‌ಗಳಲ್ಲಿ ಹುಡುಕಿ. ಮೆಷರ್ ಅಂದರೆ ಬರೀ ಸೂತ್ರ. ಬಳಸದ ನೂರು ಮೆಷರ್ ಅಳಿಸಿದರೂ ಗಾತ್ರ ಇಳಿಯುವುದಿಲ್ಲ. ಆದರೆ ಅವನ್ನು ಅಳಿಸಲು ಬೇರೊಂದು ಕಾರಣವಿದೆ, ಮುಂದೆ ಬರುತ್ತದೆ.

ತೂಕ ನೋಡುವುದಕ್ಕೆ ಡ್ಯಾಕ್ಸ್ ಸ್ಟುಡಿಯೋ ಇಳಿಸಿಕೊಳ್ಳಿ. ಉಚಿತ. ನಿಮ್ಮ ಫೈಲನ್ನು ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ತೆರೆದಿಟ್ಟು ಡ್ಯಾಕ್ಸ್ ಸ್ಟುಡಿಯೋದಿಂದ ಅದಕ್ಕೆ ಕನೆಕ್ಟ್ ಆಗಿ. ಇದಕ್ಕೆ ಪ್ರೊಗಿಂತ ಮೇಲಿನ ಲೈಸೆನ್ಸ್ ಬೇಕಿಲ್ಲ. ಅಡ್ವಾನ್ಸ್ಡ್ ಟ್ಯಾಬಿನಲ್ಲಿ "ವ್ಯೂ ಮೆಟ್ರಿಕ್ಸ್" ಒತ್ತಿದರೆ ಪ್ರತಿ ಕಾಲಂ ಎಷ್ಟು ಜಾಗ ತಿನ್ನುತ್ತಿದೆ, ಅದರಲ್ಲಿ ಎಷ್ಟು ಬೇರೆ ಬೇರೆ ಮೌಲ್ಯಗಳಿವೆ, ಇಡೀ ಮಾಡೆಲ್ಲಿನಲ್ಲಿ ಅದರ ಪಾಲು ಶೇಕಡ ಎಷ್ಟು ಎಂದು ಪಟ್ಟಿ ಬರುತ್ತದೆ. ಗಾತ್ರದ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ. ನಾನು ನೋಡಿದ ಮಾಡೆಲ್‌ಗಳಲ್ಲಿ ಹೆಚ್ಚೂಕಡಿಮೆ ಪ್ರತಿ ಸಲವೂ ಮೇಲಿನ ಹತ್ತು ಹನ್ನೆರಡು ಕಾಲಂಗಳೇ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದು ಕೂತಿದ್ದವು. ಕೆಳಗಿನ ಮುನ್ನೂರು ಸೇರಿದರೂ ಲೆಕ್ಕಕ್ಕೆ ಬರುವಷ್ಟು ಇರುತ್ತಿರಲಿಲ್ಲ.

ಹೀಗೇಕೆ ಎಂದರೆ, ವರ್ಟಿಪ್ಯಾಕ್ ಪ್ರತಿ ಕಾಲಂಗೂ ಒಂದು ನಿಘಂಟು ಮಾಡಿಕೊಳ್ಳುತ್ತದೆ. ಜಿಲ್ಲೆ ಎಂಬ ಕಾಲಂನಲ್ಲಿ ಒಂದು ಕೋಟಿ ಸಾಲಿದ್ದರೂ ಬೇರೆ ಬೇರೆ ಹೆಸರು ಮೂವತ್ತೋ ನಲವತ್ತೋ ಮಾತ್ರ. ಆ ಹೆಸರುಗಳನ್ನು ಒಮ್ಮೆ ಬರೆದಿಟ್ಟುಕೊಂಡು ಸಾಲುಗಳಲ್ಲಿ ಪುಟ್ಟ ಸಂಖ್ಯೆ ಇಟ್ಟರೆ ಮುಗಿಯಿತು. ಒಂದೇ ಮೌಲ್ಯ ಸತತವಾಗಿ ಸಾವಿರ ಸಲ ಬಂದರೆ "ಇದು ಸಾವಿರ ಸಲ" ಎಂದು ಒಂದೇ ಗುರುತು ಸಾಕು. ಈ ಉಪಾಯ ಸೋಲುವುದು ಪ್ರತಿ ಸಾಲಿನಲ್ಲೂ ಹೊಸ ಮೌಲ್ಯ ಬಂದಾಗ.

ನಮ್ಮ ದೇಶದ ಮಾರಾಟದ ಟೇಬಲ್‌ಗಳಲ್ಲಿ ಇದಕ್ಕೆ ಕಣ್ಣಿಗೆ ಹೊಡೆಯುವ ಉದಾಹರಣೆ ಇ-ಇನ್‌ವಾಯ್ಸಿನ ಐಆರ್‌ಎನ್. ಪ್ರತಿ ಇನ್‌ವಾಯ್ಸಿಗೂ ಪೋರ್ಟಲ್ ಕೊಡುವ 64 ಅಕ್ಷರಗಳ ಗುರುತು ಅದು. ಒಂದರಂತೆ ಇನ್ನೊಂದಿಲ್ಲ. ಇಪ್ಪತ್ತು ಲಕ್ಷ ಇನ್‌ವಾಯ್ಸ್ ಇದ್ದರೆ ಅದೊಂದೇ ಕಾಲಂನ ನಿಘಂಟಿನಲ್ಲಿ 12.8 ಕೋಟಿ ಅಕ್ಷರ. ಇಷ್ಟೆಲ್ಲ ಭಾರ ಹೊತ್ತು ಯಾವ ಚಾರ್ಟಿನಲ್ಲಿ ಅದನ್ನು ತೋರಿಸುತ್ತೀರಿ? 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದ ವಹಿವಾಟಿನವರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಬಿಲ್ಲಿಂಗ್ ಡೇಟಾಬೇಸಿನಲ್ಲಿ ಐಆರ್‌ಎನ್, ಅಕ್ನಾಲೆಡ್ಜ್‌ಮೆಂಟ್ ನಂಬರ್, ಕ್ಯೂಆರ್ ಕೋಡಿನ ಉದ್ದನೆಯ ಪಠ್ಯ, ಇ-ವೇ ಬಿಲ್ ನಂಬರ್ ಹೀಗೆ ಹೊಸ ಕಾಲಂಗಳು ಸೇರಿಕೊಂಡವು. ಪವರ್ ಕ್ವೆರಿಯಲ್ಲಿ (ಮೂಲದಿಂದ ಡೇಟಾ ತಂದು ತಿದ್ದುವ ಪವರ್ ಬಿಐನ ಭಾಗ) ಇಡೀ ಟೇಬಲ್ ಎಳೆಯುವ ಹಾಗೆ ಬರೆದಿದ್ದವರ ಮಾಡೆಲ್‌ಗಳಿಗೆ ಅವೆಲ್ಲ ಹೇಳದೆ ಕೇಳದೆ ಬಂದು ಕುಳಿತವು. ನಿಮ್ಮ ಫೈಲು ಉಬ್ಬಿದ ಕಥೆಯಲ್ಲಿ ಇದರ ಪಾಲು ಇದ್ದೀತು, ಮೊದಲು ಅಲ್ಲೇ ನೋಡಿ.

ಎರಡನೇ ಭಾರ ಗಂಟೆ, ನಿಮಿಷ, ಸೆಕೆಂಡು ಸೇರಿದ ದಿನಾಂಕ. ದಿನಕ್ಕೆ 86,400 ಸೆಕೆಂಡು. ಬಿಲ್ಲು ಕೊಟ್ಟ ಕ್ಷಣವನ್ನು ಸೆಕೆಂಡಿನವರೆಗೆ ಇಟ್ಟರೆ ಹೆಚ್ಚುಕಡಿಮೆ ಪ್ರತಿ ಸಾಲೂ ಹೊಸ ಮೌಲ್ಯವೇ. ದಿನಾಂಕವನ್ನಷ್ಟೇ ಇಟ್ಟರೆ ಐದು ವರ್ಷಕ್ಕೆ 1,800 ಚಿಲ್ಲರೆ. ಹೊತ್ತೂ ಬೇಕೇ ಬೇಕು ಎಂದಾದರೆ ದಿನಾಂಕ ಒಂದು ಕಾಲಂ, ಗಂಟೆ ಇನ್ನೊಂದು ಕಾಲಂ ಮಾಡಿ. ಇಲ್ಲಿ ಗಮನಿಸಿ, ಯಾವುದನ್ನೂ ಅಳಿಸಲಿಲ್ಲ, ಯಾರಿಗೂ ಬೇಕಿಲ್ಲದ ಸೂಕ್ಷ್ಮತೆಯನ್ನು ಬಿಟ್ಟೆವು, ಅಷ್ಟೆ.

ಮೂರನೆಯದು ಕಣ್ಣಿಗೇ ಕಾಣದ್ದು. ಡೆಸ್ಕ್‌ಟಾಪ್‌ನಲ್ಲಿ "ಆಟೋ ಡೇಟ್/ಟೈಮ್" ಆನ್ ಆಗಿದ್ದರೆ, ಸಂಬಂಧ ಕಟ್ಟಿರದ ಪ್ರತಿ ದಿನಾಂಕ ಕಾಲಂಗೂ ಅದು ಒಂದು ಗುಪ್ತ ಕ್ಯಾಲೆಂಡರ್ ಟೇಬಲ್ ಹುಟ್ಟಿಸುತ್ತದೆ. ಆ ಕಾಲಂನ ಅತಿ ಹಳೆಯ ವರ್ಷದಿಂದ ಅತಿ ಹೊಸ ವರ್ಷದವರೆಗೆ ಪ್ರತಿ ದಿನಕ್ಕೊಂದು ಸಾಲು. ಈಗ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳ ಅಭ್ಯಾಸ ನೆನಪಿಸಿಕೊಳ್ಳಿ: ದಿನಾಂಕ ಗೊತ್ತಿಲ್ಲದಿದ್ದರೆ 01-01-1900, ಮುಕ್ತಾಯವಿಲ್ಲದ ಒಪ್ಪಂದಕ್ಕೆ 31-12-9999. ಎರಡೂ ಒಂದೇ ಕಾಲಂನಲ್ಲಿ ಇದ್ದರೆ ಆ ಗುಪ್ತ ಟೇಬಲ್ಲಿನಲ್ಲಿ ಸುಮಾರು 29.6 ಲಕ್ಷ ಸಾಲು! ಡ್ಯಾಕ್ಸ್ ಸ್ಟುಡಿಯೋದ ಪಟ್ಟಿಯಲ್ಲಿ "ಲೋಕಲ್‌ಡೇಟ್‌ಟೇಬಲ್" ಎಂದು ಶುರುವಾಗಿ ಉದ್ದನೆಯ ಬಾಲವಿರುವ ಹೆಸರುಗಳು ಕಂಡರೆ ಅವೇ ಇವು. ಆದರೆ ಥಟ್ಟನೆ ಆಫ್ ಮಾಡಬೇಡಿ. ಯಾವುದೋ ಚಾರ್ಟಿನಲ್ಲಿ ವರ್ಷ, ತ್ರೈಮಾಸಿಕ, ತಿಂಗಳು ಎಂದು ತಾನಾಗಿ ಬರುವ ಏಣಿಯನ್ನು ಬಳಸಿದ್ದರೆ ಆಫ್ ಮಾಡಿದ ಕೂಡಲೇ ಆ ಚಾರ್ಟು ಕೆಡುತ್ತದೆ. ನಿಮ್ಮದೇ ಒಂದು ಕ್ಯಾಲೆಂಡರ್ ಟೇಬಲ್ ಇಟ್ಟು, ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದ ಹಣಕಾಸು ವರ್ಷವನ್ನೂ ಅದರಲ್ಲೇ ಬರೆದು, ಚಾರ್ಟುಗಳನ್ನು ಅದಕ್ಕೆ ಬದಲಿಸಿದ ಮೇಲೆ ಆಫ್ ಮಾಡಿ.

ಇಷ್ಟು ಮಾಡಿದರೆ 870 ಎಂಬಿ ಸಾಕಷ್ಟು ಇಳಿಯುವ ಸಂಭವ ಇದೆ, ಮ್ಯಾನೇಜರಿಗೂ ಉಸಿರಾಡಲು ಜಾಗ ಸಿಗುತ್ತದೆ. ಆಮೇಲಿನದು ನಿಮ್ಮ ನಿಜವಾದ ಪ್ರಶ್ನೆ: ಒಂದು ಕಾಲಂ ಬಳಕೆಯಲ್ಲಿಲ್ಲ ಎಂದು ಹೇಗೆ ಹೇಳುವುದು?

ನೇರವಾಗಿ ಹೇಳುತ್ತೇನೆ. "ಬಳಕೆಯಲ್ಲಿಲ್ಲ" ಎನ್ನುವುದು ಕಾಲಂನ ಗುಣವಲ್ಲ. ನೀವು ಎಲ್ಲೆಲ್ಲಿ ಹುಡುಕಿದಿರಿ ಎಂಬುದರ ಹೇಳಿಕೆ ಅದು. ಯಾವ ಟೂಲ್ "ಅನ್‌ಯೂಸ್ಡ್" ಎಂದು ಕೆಂಪಕ್ಷರದಲ್ಲಿ ತೋರಿಸಿದರೂ ಅದರ ಅರ್ಥ "ನಾನು ನೋಡಿದ ಜಾಗದಲ್ಲಿ ಸಿಗಲಿಲ್ಲ" ಎಂದಷ್ಟೇ. ಈ ಮಾತನ್ನು ನಾನು ಕಲಿತದ್ದು ಒಂದು ಡಿಸೆಂಬರಿನಲ್ಲಿ.

ವಿತರಣಾ ಸಂಸ್ಥೆಯೊಂದಕ್ಕೆ ನಾನು ಮಾಡೆಲ್ ಚೊಕ್ಕ ಮಾಡಿಕೊಡುತ್ತಿದ್ದೆ. ಮಾಡೆಲ್ ಒಳಗಿನ ಅವಲಂಬನೆ ನೋಡಿದೆ, ಎಲ್ಲ ರಿಪೋರ್ಟುಗಳ ಫೈಲು ನೋಡಿದೆ, ಹಿಂದಿನ ಒಂದು ತಿಂಗಳ ಬಳಕೆಯನ್ನೂ ನೋಡಿದೆ. ಅಳಿಸಿದವುಗಳಲ್ಲಿ ಯುಕ್ಯೂಸಿ ಎಂಬ ಕಾಲಂ ಒಂದಿತ್ತು. ನಂಬರ್ಸ್, ಕೆಜಿ, ಬಾಕ್ಸ್ ಎಂಬ ಅಳತೆಯ ಗುರುತುಗಳು, ಒಟ್ಟು ಹತ್ತು ಹನ್ನೆರಡು ಮೌಲ್ಯ. ಯಾವ ರಿಪೋರ್ಟಿನಲ್ಲೂ ಇರಲಿಲ್ಲ. ಮೂರು ತಿಂಗಳು ಯಾರೂ ಚಕಾರ ಎತ್ತಲಿಲ್ಲ. ಡಿಸೆಂಬರ್ ಮೂರನೇ ವಾರ ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಫೋನ್ ಮಾಡಿದರು. ಜಿಎಸ್‌ಟಿಆರ್-9, ವಾರ್ಷಿಕ ರಿಟರ್ನ್, ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಅದರಲ್ಲಿ ಎಚ್‌ಎಸ್‌ಎನ್‌ವಾರು (ಸರಕಿನ ಕೋಡ್‌ವಾರು) ಮೊತ್ತದ ಜತೆಗೆ ಪ್ರಮಾಣವನ್ನೂ ಅಳತೆಯ ಗುರುತನ್ನೂ ಕೊಡಬೇಕು. ಅವರು ಅದಕ್ಕಾಗಿ ವರ್ಷಗಳ ಹಿಂದೆ ಎಕ್ಸೆಲ್‌ನಲ್ಲಿ ಒಂದು ಪಿವಟ್ ಮಾಡಿಕೊಂಡು ನೇರವಾಗಿ ಮಾಡೆಲ್ಲಿಗೆ ಜೋಡಿಸಿದ್ದರು. ವರ್ಷಕ್ಕೆ ಒಂದೇ ಸಲ ಆ ಫೈಲು ತೆರೆಯುತ್ತಿದ್ದರು. ಅಂದು ರಿಫ್ರೆಶ್ ಒತ್ತಿದಾಗ ಅಳತೆಯ ಕಾಲಂ ಪಿವಟ್‌ನಿಂದಲೇ ಹೋಗಿತ್ತು. "ನಿನ್ನೆವರೆಗೂ ಇತ್ತಲ್ಲ?" ಎಂದರು. ಅವರ ಪಾಲಿಗೆ ನಿನ್ನೆ ಅಂದರೆ ಹಿಂದಿನ ಡಿಸೆಂಬರ್.

ಅಂದು ರಾತ್ರಿಯೇ ಕಾಲಂ ವಾಪಸ್ ಹಾಕಿದೆ. ನನ್ನನ್ನು ಹೆಚ್ಚು ಕಾಡಿದ್ದು ಬೇರೆ ವಿಷಯ. ಹನ್ನೆರಡು ಮೌಲ್ಯಗಳ ಆ ಕಾಲಂ ಅಳಿಸಿ ನಾನು ಉಳಿಸಿದ ಜಾಗ ಎಷ್ಟು? ಇಲ್ಲವೆನ್ನುವಷ್ಟು. ತೂಕವಿಲ್ಲದ್ದನ್ನು ತೆಗೆದು ಲಾಭ ಸಿಗಲಿಲ್ಲ, ಒಬ್ಬರ ವರ್ಷದ ಕೆಲಸ ಕೆಟ್ಟಿತು. ಅಂದಿನಿಂದ ಹಗುರವಾದ ಕಾಲಂಗಳನ್ನು ಅಳಿಸಲು ನಾನು ಅವಸರ ಮಾಡುವುದಿಲ್ಲ.

ಹಾಗಾದರೆ ಎಲ್ಲೆಲ್ಲಿ ಹುಡುಕಬೇಕು? ಮೊದಲನೆಯದು ಮಾಡೆಲ್ಲಿನ ಒಳಗೇ. ಮಾಡೆಲ್ ತಿದ್ದುವ ಟೂಲ್ ಟ್ಯಾಬ್ಯುಲರ್ ಎಡಿಟರ್ 2 ಉಚಿತವಾಗಿ ಸಿಗುತ್ತದೆ. ಅದರಲ್ಲಿ ಯಾವುದೇ ಕಾಲಂ ಮೇಲೆ ಅವಲಂಬನೆ ನೋಡಿದರೆ ಯಾವ ಮೆಷರ್, ಯಾವ ಕ್ಯಾಲ್ಕ್ಯುಲೇಟೆಡ್ ಕಾಲಂ ಅದನ್ನು ಹಿಡಿದಿದೆ ಎಂದು ಮರದಂತೆ ತೋರಿಸುತ್ತದೆ. ಅದರ ಬೆಸ್ಟ್ ಪ್ರಾಕ್ಟೀಸ್ ಅನಲೈಸರ್‌ಗೆ ಸಿಗುವ ನಿಯಮಗಳಲ್ಲಿ, ಹೈಡ್ ಆಗಿದ್ದೂ ಸೂತ್ರದಲ್ಲಿ, ಸಂಬಂಧದಲ್ಲಿ, ಹೈರಾರ್ಕಿಯಲ್ಲಿ (ವರ್ಷ, ತಿಂಗಳು ಎಂಬಂಥ ಏಣಿ), ಸಾರ್ಟ್-ಬೈನಲ್ಲಿ (ಇನ್ನೊಂದು ಕಾಲಂನ ಕ್ರಮ ನಿಲ್ಲಿಸುವುದು) ಎಲ್ಲೂ ಇಲ್ಲದ ಕಾಲಂಗಳನ್ನು ಹೆಕ್ಕಿ ಕೊಡುವ ನಿಯಮವೊಂದಿದೆ. ಒಟ್ಟಾರೆ ಪಟ್ಟಿ ಬೇಕಿದ್ದರೆ ಡೆಸ್ಕ್‌ಟಾಪ್‌ನ ಡ್ಯಾಕ್ಸ್ ಕ್ವೆರಿ ಪುಟದಲ್ಲಿ ಇನ್‌ಫೋ ಡಾಟ್ ಕ್ಯಾಲ್ಕ್‌ಡಿಪೆಂಡೆನ್ಸಿ ಎಂಬ ಫಂಕ್ಷನ್ ಓಡಿಸಿ, ಸಿಕ್ಕಿದ್ದನ್ನು ಎಕ್ಸೆಲ್‌ಗೆ ಹಾಕಿಕೊಳ್ಳಿ.

ಇಲ್ಲೇ ಮೆಷರ್‌ಗಳ ಮಾತು ಬರುವುದು. "ಫ್ರೈಟ್ ರೇಟ್" ಕಾಲಂ ಒಂದು ಮೆಷರ್‌ನಲ್ಲಿ ಇದೆ, ಆದ್ದರಿಂದ ಅದು ಬಳಕೆಯಲ್ಲಿದೆ ಎನ್ನುತ್ತದೆ ಟೂಲ್. ಆದರೆ ಆ ಮೆಷರ್ ಯಾವ ರಿಪೋರ್ಟಿನಲ್ಲೂ ಇಲ್ಲದಿದ್ದರೆ? ಸತ್ತ ಮೆಷರ್ ಒಂದು ಕಾಲಂ ಅನ್ನು ಬದುಕಿರುವಂತೆ ತೋರಿಸುತ್ತಿದೆ. ಆದ್ದರಿಂದ ಮೊದಲು ಯಾರೂ ಬಳಸದ ಮೆಷರ್‌ಗಳನ್ನು ಗುರುತಿಸಿ, ಅವು ಇಲ್ಲವೆಂದುಕೊಂಡು ಕಾಲಂಗಳ ಅವಲಂಬನೆಯನ್ನು ಮತ್ತೆ ನೋಡಿ. ಬಾಳೆದಿಂಡಿನ ಪದರ ಬಿಡಿಸಿದ ಹಾಗೆ, ಒಂದು ಸುತ್ತು ಮುಗಿದ ಮೇಲೆ ಒಳಗಿನದು ಕಾಣುತ್ತದೆ. 190 ಮೆಷರ್ ಇರುವಲ್ಲಿ ಎರಡು ಮೂರು ಸುತ್ತು ಬೇಕಾಗಬಹುದು.

ಸೂತ್ರದಲ್ಲಿ ಎಲ್ಲೂ ಕಾಣದೆ ಕೆಲಸ ಮಾಡುವ ಕಾಲಂಗಳೂ ಇವೆ. ತಿಂಗಳ ಹೆಸರನ್ನು ಏಪ್ರಿಲ್‌ನಿಂದ ಮಾರ್ಚ್ ಕ್ರಮದಲ್ಲಿ ನಿಲ್ಲಿಸುವ 1ರಿಂದ 12ರವರೆಗಿನ ಸಂಖ್ಯೆಯ ಕಾಲಂ. ಅದು ಹೋದರೆ ತಿಂಗಳುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮಕ್ಕೆ ಜಾರಿ ಏಪ್ರಿಲ್ ಆದ ಮೇಲೆ ಆಗಸ್ಟ್ ಬರುತ್ತದೆ. ಫೀಲ್ಡ್ ಪ್ಯಾರಾಮೀಟರ್ ಇನ್ನೊಂದು ಅಡಗುತಾಣ: ಓದುಗರು ಗುಂಡಿ ಒತ್ತಿ ಜಿಲ್ಲೆಯಿಂದ ಡೀಲರಿಗೆ ನೋಟ ಬದಲಿಸುತ್ತಾರೆ, ಚಾರ್ಟು ಹಿಡಿದಿರುವುದು ಪ್ಯಾರಾಮೀಟರಿನ ಹೆಸರನ್ನು. ರಿಪೋರ್ಟಿನ ಫೈಲಿನಲ್ಲಿ ಹುಡುಕಿದರೆ ಒಳಗಿನ ಕಾಲಂನ ಹೆಸರು ಸಿಗದೇ ಹೋಗಬಹುದು.

ಎಲ್ಲಕ್ಕಿಂತ ಅಪಾಯದ್ದು ರೋ ಲೆವೆಲ್ ಸೆಕ್ಯೂರಿಟಿಯ ಕಾಲಂ. ಬೆಳಗಾವಿ ಶಾಖೆಯವರಿಗೆ ಬೆಳಗಾವಿಯದ್ದು ಮಾತ್ರ, ಗದಗದವರಿಗೆ ಗದಗದ್ದು ಮಾತ್ರ ಕಾಣಿಸಲು ಒಂದು ಇಮೇಲ್ ಕಾಲಂ ಇಟ್ಟಿರುತ್ತಾರೆ. ಅದು ಯಾವ ಚಾರ್ಟಿನಲ್ಲೂ ಇರುವುದಿಲ್ಲ. ಅದನ್ನು ಅಳಿಸಿದರೂ ನಿಮಗೆ ಏನೂ ಗೊತ್ತಾಗದಿರಬಹುದು, ಏಕೆಂದರೆ ರಿಪೋರ್ಟುಗಳನ್ನು ಹಂಚಿಡುವ ವರ್ಕ್‌ಸ್ಪೇಸಿನಲ್ಲಿ ತಿದ್ದುವ ಹಕ್ಕು ಇರುವವರಿಗೆ ಈ ನಿರ್ಬಂಧ ಅನ್ವಯಿಸುವುದೇ ಇಲ್ಲ. ನಿಮ್ಮ ಪರದೆಯಲ್ಲಿ ಎಲ್ಲ ಸರಿ ಇರುತ್ತದೆ, ಶಾಖೆಯವರ ಪರದೆಯಲ್ಲಿ ದೋಷ. ಪ್ರತಿ ಬದಲಾವಣೆಯ ನಂತರ "ಟೆಸ್ಟ್ ಆಸ್ ರೋಲ್" ಮೂಲಕ ಶಾಖೆಯವರ ಕಣ್ಣಿನಿಂದ ಒಮ್ಮೆ ನೋಡಿಯೇ ನೋಡಿ.

ಎರಡನೇ ಜಾಗ 23 ರಿಪೋರ್ಟುಗಳು. ಅವು 23ಯೇ ಹೌದಾ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಪವರ್ ಬಿಐ ಸರ್ವಿಸಿನಲ್ಲಿ (ಅದರ ಆನ್‌ಲೈನ್ ರೂಪ) ಮಾಡೆಲ್ಲಿನ ಇಂಪ್ಯಾಕ್ಟ್ ಅನಾಲಿಸಿಸ್ ತೆರೆದರೆ ಬೇರೆ ವರ್ಕ್‌ಸ್ಪೇಸುಗಳಲ್ಲಿ ಇರುವವೂ ಲೆಕ್ಕಕ್ಕೆ ಬರುತ್ತವೆ. ನಂತರ ಪ್ರತಿಯೊಂದನ್ನೂ ಇಳಿಸಿಕೊಂಡು ಪಿಬಿಐಪಿ ರೂಪದಲ್ಲಿ ಸೇವ್ ಮಾಡಿ. 2023ರಿಂದ ಬಂದ ಈ ರೂಪದಲ್ಲಿ ರಿಪೋರ್ಟು ಫೋಲ್ಡರಾಗಿ, ಓದಬಲ್ಲ ಪಠ್ಯವಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಫೋಲ್ಡರುಗಳನ್ನೂ ಒಂದೆಡೆ ಇಟ್ಟು ವಿಎಸ್ ಕೋಡ್ ಎಂಬ ಪಠ್ಯ ಎಡಿಟರಿನಲ್ಲಿ ಕಾಲಂನ ಹೆಸರು ಹುಡುಕಿದರೆ ಚಾರ್ಟು, ಫಿಲ್ಟರ್, ಟೂಲ್‌ಟಿಪ್, ಡ್ರಿಲ್‌ಥ್ರೂ, ಬಣ್ಣದ ಷರತ್ತು, ಹೈಡ್ ಮಾಡಿದ ಪುಟ ಎಲ್ಲದರೊಳಗಿಂದಲೂ ಸಿಗುತ್ತದೆ. ಹಳೆಯ ಪಿಬಿಐಎಕ್ಸ್ (ಡೆಸ್ಕ್‌ಟಾಪ್‌ನ ಮಾಮೂಲಿ ಫೈಲು) ಕೂಡ ಒಳಗಿಂದ ಜಿಪ್ ಫೈಲೇ. ಪ್ರತಿಯೊಂದನ್ನು ನಕಲು ಮಾಡಿ ಜಿಪ್ ಎಂದು ಹೆಸರು ಬದಲಿಸಿ ತೆರೆದು ನೋಡಬಹುದು. ಕೈಯಿಂದ ಇಷ್ಟೆಲ್ಲ ಬೇಡ ಎಂದರೆ ಮೆಷರ್ ಕಿಲ್ಲರ್ ಎಂಬ ಟೂಲ್ ಇದೆ, ಮಾಡೆಲ್ ಮತ್ತು ರಿಪೋರ್ಟುಗಳನ್ನು ಒಟ್ಟಿಗೆ ಓದಿ ಬಳಸದ ಮೆಷರ್, ಕಾಲಂಗಳ ಪಟ್ಟಿ ಕೊಡುತ್ತದೆ. ನಾನು ಅದನ್ನು ಬಳಸುತ್ತೇನೆ. ಆದರೆ ಅದು ಕೊಟ್ಟ ಪಟ್ಟಿಯನ್ನು ತೀರ್ಪು ಎಂದು ತೆಗೆದುಕೊಳ್ಳುವುದಿಲ್ಲ, ವಿಚಾರಣೆಯ ಶುರು ಎಂದು ತೆಗೆದುಕೊಳ್ಳುತ್ತೇನೆ.

ಹುಡುಕುವಾಗ ಟೇಬಲ್ಲಿನ ಹೆಸರನ್ನೂ ಸೇರಿಸಿ ನೋಡಿ. "ನೇಮ್", "ಡೇಟ್", "ಕೋಡ್" ಎಂಬ ಕಾಲಂಗಳು ನಾಲ್ಕೈದು ಟೇಬಲ್ಲುಗಳಲ್ಲಿ ಇರುತ್ತವೆ, ಒಂದಕ್ಕೆ ಸಿಕ್ಕಿದ ಸಾಕ್ಷಿ ಇನ್ನೊಂದಕ್ಕೆ ಸಲ್ಲುವುದಿಲ್ಲ. ಇದರ ತಿರುವೂ ಇದೆ. ಫೈಲಿನಲ್ಲಿ ಹೆಸರು ಸಿಕ್ಕಿತು ಅಂದ ಮಾತ್ರಕ್ಕೆ ಯಾರೋ ನೋಡುತ್ತಿದ್ದಾರೆ ಎಂದಲ್ಲ. ಎರಡು ವರ್ಷದಿಂದ ಯಾರೂ ತೆರೆಯದ ಪುಟದ ಮೂಲೆಯ ಟೇಬಲ್ಲಿನಲ್ಲಿ ಅದು ಕುಳಿತಿರಬಹುದು. ಯೂಸೇಜ್ ಮೆಟ್ರಿಕ್ಸ್ ರಿಪೋರ್ಟು ಹಿಂದಿನ 30 ದಿನಗಳಲ್ಲಿ ಯಾವ ರಿಪೋರ್ಟು, ಯಾವ ಪುಟ ತೆರೆಯಲಾಯಿತು ಎಂದು ಹೇಳುತ್ತದೆ. ಮೂವತ್ತೇ ದಿನ ಎಂಬುದು ಮರೆಯಬೇಡಿ.

ಮೂರನೇ ಜಾಗಕ್ಕೆ ಟೂಲ್ ಇಲ್ಲ, ಜನರಿದ್ದಾರೆ. "ಅನಲೈಸ್ ಇನ್ ಎಕ್ಸೆಲ್" ಮೂಲಕ ಪಿವಟ್ ಕಟ್ಟಿಕೊಂಡವರು, ಕೆಲಸಗಳನ್ನು ತಾನಾಗಿ ಓಡಿಸುವ ಪವರ್ ಆಟೊಮೇಟ್‌ನಲ್ಲಿ ಮಾಡೆಲ್ಲಿಗೆ ಕ್ವೆರಿ ಕಳುಹಿಸಿ ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೋ ಮೇಲ್‌ಗೋ ಅಂಕಿ ಹಾಕಿಸಿಕೊಳ್ಳುವವರು. ನಿಮ್ಮ ಸಂಸ್ಥೆಯ ಪವರ್ ಬಿಐ ಅಡ್ಮಿನ್ ಹತ್ತಿರ ಆ್ಯಕ್ಟಿವಿಟಿ ಲಾಗ್ ಕೇಳಿ ಪಡೆದರೆ ಹೊರಗಿನ ಆ್ಯಪ್‌ನಿಂದ ಯಾರು ಬಂದರು ಎಂಬ ಸುಳಿವು ಸಿಗುತ್ತದೆ, ಯಾವ ಕಾಲಂ ಎಳೆದರು ಎಂಬುದು ಅದರಲ್ಲಿ ಇರುವುದಿಲ್ಲ. ಕ್ವೆರಿ ಮಟ್ಟದ ದಾಖಲೆ ಬೇಕೆಂದರೆ ಪ್ರೀಮಿಯಂ ಅಥವಾ ಫ್ಯಾಬ್ರಿಕ್ ಕೆಪಾಸಿಟಿ ಬೇಕು, ನಿಮ್ಮ ಪ್ರೊದಲ್ಲಿ ಆ ದಾರಿ ಇಲ್ಲ. ಆದ್ದರಿಂದ ಲಾಗ್‌ನಲ್ಲಿ ಸಿಕ್ಕ ಹೆಸರುಗಳನ್ನು ಹಿಡಿದು ಅವರ ಮೇಜಿನ ಹತ್ತಿರ ಹೋಗಿ, "ಆ ಎಕ್ಸೆಲ್ ಒಮ್ಮೆ ತೋರಿಸ್ತೀರಾ?" ಎಂದು ಕೇಳಿ. ಅರ್ಧ ಗಂಟೆಯ ಈ ಓಡಾಟ ಯಾವ ಸ್ಕ್ರಿಪ್ಟಿಗಿಂತಲೂ ಹೆಚ್ಚು ತಿಳಿಸುತ್ತದೆ.

ಇನ್ನು ತೆಗೆಯುವ ದಾರಿಗಳು. "ಅಳಿಸಿ ನೋಡು" ಎಂದ ನಿಮ್ಮ ಎರಡನೇ ಸ್ನೇಹಿತನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಒಂದೇ ರಿಪೋರ್ಟು, ನಾಲ್ಕೇ ಓದುಗರು ಇರುವಲ್ಲಿ ಅದು ನಡೆಯುತ್ತದೆ, ಕೆಟ್ಟ ಚಾರ್ಟು ಆ ದಿನವೇ ಕಣ್ಣಿಗೆ ಬೀಳುತ್ತದೆ. ನಿಮ್ಮಲ್ಲಿ ಹಾಗಲ್ಲ. ವರ್ಷಕ್ಕೊಮ್ಮೆ ಬರುವವರು ಇಂದು ಕೂಗುವುದಿಲ್ಲ.

ಹೈಡ್ ಮಾಡಿ ಕಾಯುವುದು ಎಲ್ಲಕ್ಕಿಂತ ಮೃದುವಾದ ಹೆಜ್ಜೆ. ಗಾತ್ರ ಇಳಿಯದು, ಆದರೆ ಹೊಸದಾಗಿ ಯಾರೂ ಆ ಕಾಲಂ ಎಳೆದುಕೊಳ್ಳುವುದಿಲ್ಲ, ಹಳೆಯ ಚಾರ್ಟುಗಳು ಕೆಡುವುದಿಲ್ಲ. ಹಗುರವಾದ, ಅನುಮಾನದ ಕಾಲಂಗಳನ್ನೆಲ್ಲ ಇಲ್ಲಿಗೆ ತಂದು ನಿಲ್ಲಿಸಿ. ಒಂದು ಪೂರ್ತಿ ಹಣಕಾಸು ವರ್ಷ ಅಲ್ಲೇ ಇದ್ದರೂ ನಷ್ಟವಿಲ್ಲ. ಹೆಸರು ಬದಲಿಸಿ ಪರೀಕ್ಷಿಸುತ್ತೇನೆ ಎಂದು ಹೊರಡಬೇಡಿ. ಅದೇ ಫೈಲಿನ ಒಳಗೆ ಹೆಸರಿನ ಬದಲಾವಣೆ ತಾನಾಗಿ ಹರಡುತ್ತದೆ ನಿಜ, ಆದರೆ ಮಾಡೆಲ್ಲಿಗೆ ಹೊರಗಿನಿಂದ ಜೋಡಿಸಿದ ರಿಪೋರ್ಟುಗಳಿಗೆ ಹೆಸರು ಬದಲಾದರೂ ಒಂದೇ, ಕಾಲಂ ಹೋದರೂ ಒಂದೇ.

ಭಾರವಾದ ಆದರೆ ಹೈಡ್ ಆಗಿರುವ ಕಾಲಂ ಒಂದು ಮೆಷರ್‌ಗಾಗಿ ಬೇಕೇ ಬೇಕು ಎಂದಾದರೆ ಟ್ಯಾಬ್ಯುಲರ್ ಎಡಿಟರಿನಲ್ಲಿ "ಅವೈಲಬಲ್ ಇನ್ ಎಂಡಿಎಕ್ಸ್" ಎಂಬ ಗುಣವನ್ನು ಫಾಲ್ಸ್ ಮಾಡಬಹುದು. ಎಕ್ಸೆಲ್ ಪಿವಟ್‌ಗಾಗಿ ಎಂಜಿನ್ ಕಟ್ಟುವ ಹೆಚ್ಚುವರಿ ರಚನೆ ಅದರಿಂದ ಹೋಗಿ ಒಂದಿಷ್ಟು ಜಾಗ ಉಳಿಯುತ್ತದೆ. ಸಾರ್ಟ್-ಬೈ ಅಥವಾ ಹೈರಾರ್ಕಿಯಲ್ಲಿ ಇರುವ ಕಾಲಂಗೆ ಇದನ್ನು ಮಾಡಬೇಡಿ, ಎಕ್ಸೆಲ್‌ನಲ್ಲಿ ಎಳೆಯುವ ಕಾಲಂಗಂತೂ ಬೇಡವೇ ಬೇಡ.

ನಿಜವಾಗಿ ತೆಗೆಯುವಾಗ ಪವರ್ ಕ್ವೆರಿಯಲ್ಲಿ ತೆಗೆಯಿರಿ, ಅದೂ ಬೇಡವಾದದ್ದನ್ನು ತೆಗೆಯುವ "ರಿಮೂವ್ ಕಾಲಮ್ಸ್" ಬದಲು ಬೇಕಾದದ್ದನ್ನು ಆರಿಸುವ "ಚೂಸ್ ಕಾಲಮ್ಸ್" ಬಳಸಿ. ಕಾರಣ ಐಆರ್‌ಎನ್ ಕಥೆಯಲ್ಲೇ ಇದೆ. ಬೇಕಾದ್ದರ ಪಟ್ಟಿ ಇದ್ದರೆ ನಾಳೆ ಡೇಟಾಬೇಸಿಗೆ ಹತ್ತು ಹೊಸ ಕಾಲಂ ಬಂದರೂ ನಿಮ್ಮ ಮಾಡೆಲ್ಲಿನ ಬಾಗಿಲು ದಾಟುವುದಿಲ್ಲ. ಈ ಹೆಜ್ಜೆಯನ್ನು ಆದಷ್ಟು ಮೊದಲಲ್ಲೇ ಇಟ್ಟರೆ, ಎಸ್‌ಕ್ಯುಎಲ್ ಸರ್ವರ್‌ನಂಥ ಮೂಲವಾಗಿದ್ದರೆ, ಆ ಕಾಲಂಗಳು ಅಲ್ಲಿಂದಲೇ ಹೊರಡುವುದಿಲ್ಲ. ನಿಮ್ಮ ಐವತ್ತು ನಿಮಿಷದಲ್ಲಿ ಒಂದು ಭಾಗ ಇಲ್ಲೇ ಉಳಿದೀತು. ತೊಂದರೆ ಬರುವುದು ಮುಂದಿನ ಹೆಜ್ಜೆಗಳಲ್ಲಿ. "ಚೇಂಜ್ಡ್ ಟೈಪ್" ಎಂಬ ಹೆಜ್ಜೆಯಲ್ಲಿ ಹಳೆಯ ಕಾಲಂಗಳ ಹೆಸರು ಬರೆದಿರುತ್ತದೆ, ಕಾಲಂ ಸಿಗಲಿಲ್ಲ ಎಂದು ರಿಫ್ರೆಶ್ ನಿಂತುಬಿಡುತ್ತದೆ. ಅದನ್ನೂ ತಿದ್ದಿಯೇ ಪಬ್ಲಿಶ್ ಮಾಡಿ. ಇನ್ನೊಂದು, 14 ಟೇಬಲ್ಲುಗಳಲ್ಲಿ ಬೇರೆ ಕ್ವೆರಿಗೆ ಕಚ್ಚಾ ಸರಕಾಗಿ ಮಾತ್ರ ಇರುವವು ಯಾವುದಾದರೂ ಇದ್ದರೆ ಅವುಗಳ "ಎನೇಬಲ್ ಲೋಡ್" ತೆಗೆಯಿರಿ. ಕ್ವೆರಿ ಉಳಿಯುತ್ತದೆ, ಟೇಬಲ್ ಮಾಡೆಲ್ಲಿನಿಂದ ಇಳಿಯುತ್ತದೆ.

ತಿಂಗಳ ಕೊನೆಗೆ ಮ್ಯಾನೇಜರಿಗೆ ಏನು ತೋರಿಸುವುದು? ವ್ಯೂ ಮೆಟ್ರಿಕ್ಸ್‌ನ ಮೊದಲಿನ ಪಟ್ಟಿ, ನಂತರದ ಪಟ್ಟಿ, ರಿಫ್ರೆಶ್ ಹೊತ್ತಿನ ವ್ಯತ್ಯಾಸ. "ಬಳಸದ ಕಾಲಂ ಎಲ್ಲ" ಎಂದ ಅವರಿಗೆ ಬೇಕಾಗಿದ್ದ ಉತ್ತರ ಈ ಮೂರು ಸಂಖ್ಯೆಗಳಲ್ಲಿದೆ. ಉಳಿದ ಗುಡಿಸುವ ಕೆಲಸಕ್ಕೆ ಮುಂದಿನ ವಾರ್ಷಿಕ ರಿಟರ್ನ್ ಮುಗಿಯುವವರೆಗೆ ಸಮಯ ಕೇಳಿ, ಏಕೆ ಎಂದು ಯುಕ್ಯೂಸಿಯ ಉದಾಹರಣೆ ಕೊಟ್ಟು ಹೇಳಿ. ಲೆಕ್ಕಪತ್ರ ಬಲ್ಲವರಿಗೆ ಅದು ಥಟ್ಟನೆ ಅರ್ಥವಾಗುತ್ತದೆ.

ತೆಗೆಯುವ ಎರಡು ವಾರ ಮುಂಚೆ ಎಲ್ಲ ವಿಭಾಗಗಳಿಗೂ ಒಂದು ಮೇಲ್ ಕಳುಹಿಸಿ. ಕಾಲಂಗಳ ತಾಂತ್ರಿಕ ಹೆಸರು ಮಾತ್ರ ಬರೆದರೆ ಯಾರಿಗೂ ತಿಳಿಯದು. "ಇನ್‌ವಾಯ್ಸಿನ 64 ಅಕ್ಷರದ ಐಆರ್‌ಎನ್, ಬಿಲ್ಲು ಹಾಕಿದ ಗಂಟೆ ನಿಮಿಷ, ಲಾರಿ ನಂಬರ್, ಇವು ಇಂಥ ದಿನಾಂಕದಿಂದ ಸಿಗುವುದಿಲ್ಲ. ನಿಮ್ಮ ಎಕ್ಸೆಲ್‌ನಲ್ಲಿ, ವರ್ಷಕ್ಕೊಮ್ಮೆ ತೆರೆಯುವ ಫೈಲಿನಲ್ಲಿ ಇವು ಇವೆಯಾ ನೋಡಿ" ಎಂದು ಬರೆಯಿರಿ. ತೆಗೆಯುವ ದಿನದ ಪಿಬಿಐಎಕ್ಸ್ ಅನ್ನು ದಿನಾಂಕ ಹಾಕಿ ಎತ್ತಿಡಿ, ಯಾವ ಕಾಲಂ ಯಾವಾಗ ತೆಗೆದಿರಿ, ಯಾರನ್ನು ಕೇಳಿದಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ವಾರದ ಮೊದಲ ದಿನ, ತಿಂಗಳ ಕೊನೆಯ ಮೂರು ದಿನ ಪಬ್ಲಿಶ್ ಮಾಡಬೇಡಿ.

ಮೊದಲ ಸುತ್ತಿನ ಪಟ್ಟಿ ಸಿದ್ಧವಾದ ಮೇಲೆ, ಮೇಲಿನ ಹದಿನೈದು ಕಾಲಂಗಳ ಹೆಸರು, ಗಾತ್ರ, ಬೇರೆ ಬೇರೆ ಮೌಲ್ಯಗಳ ಸಂಖ್ಯೆ ಇವಿಷ್ಟನ್ನು ಬರೆದು ಕಳುಹಿಸಿ. ಒಳಗಿನ ಡೇಟಾ ಬೇಡ, ಗ್ರಾಹಕರ ಹೆಸರೂ ಬೇಡ. ಯಾವುದನ್ನು ತೆಗೆಯಬಹುದು, ಯಾವುದನ್ನು ಸೀಳಿ ಇಡಬಹುದು ಎಂದು ಒಟ್ಟಿಗೆ ನೋಡೋಣ.